ರಾತ್ರಿ ಮಲಗಿದ ಮೇಲೆ ಹೆಚ್ಚಾಗುವ ಮಗುವಿನ ಕೆಮ್ಮು: ಎಲ್ಲಿಯವರೆಗೆ ಕಾಯಬಹುದು?

ಪ್ರಶ್ನೆ: ಮೂರು ವರ್ಷದ ಮಗಳ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಮೂರು ವರ್ಷ ತುಂಬಿ ಕೆಲವು ತಿಂಗಳಾಗಿವೆ. ಎರಡು ವಾರಗಳ ಹಿಂದೆ ಅವಳಿಗೆ ನೆಗಡಿ ಬಂದಿತ್ತು. ಮೊದಲ ಒಂದೆರಡು ದಿನ ಸಣ್ಣಗೆ ಜ್ವರವಿದ್ದು ತಾನಾಗಿಯೇ ಇಳಿಯಿತು. ಮೂಗು ಸೋರುವುದೂ ಬಹುಮಟ್ಟಿಗೆ ಕಡಿಮೆಯಾಗಿದೆ. ಆದರೆ ಕೆಮ್ಮು ಮಾತ್ರ ಬಿಟ್ಟಿಲ್ಲ, ಅದೂ ರಾತ್ರಿಯ ಹೊತ್ತಿನಲ್ಲಿ. ಹಗಲೆಲ್ಲ ಚೆನ್ನಾಗಿ ಆಡಿಕೊಂಡಿರುತ್ತಾಳೆ, ಊಟಕ್ಕೆ ತಕರಾರಿಲ್ಲ, ಅಪರೂಪಕ್ಕೆ ಒಮ್ಮೆ ಕೆಮ್ಮಿದರೆ ಹೆಚ್ಚು. ಹಾಸಿಗೆಯ ಮೇಲೆ ಮಲಗಿಸಿ ದೀಪ ಆರಿಸಿದ ಸ್ವಲ್ಪ ಹೊತ್ತಿಗೆಲ್ಲ ಕಫ ಕಟ್ಟಿದ ಸದ್ದಿನ ಕೆಮ್ಮು ಶುರುವಾಗುತ್ತದೆ. ಹಾಗೇ ಕೆಮ್ಮುತ್ತ ಕೆಮ್ಮುತ್ತ ನಿದ್ದೆ ಹೋಗುತ್ತಾಳೆ, ಬೆಳಗಿನ ಜಾವ ಮತ್ತೊಂದು ಸುತ್ತು ಬರುತ್ತದೆ. ಮೊನ್ನೆ ರಾತ್ರಿ ಕೆಮ್ಮಿನ ಜೊತೆಗೇ ವಾಂತಿಯಾಯಿತು. ಬಂದದ್ದರಲ್ಲಿ ಬಿಳಿಯ ಲೋಳೆಯೇ ಹೆಚ್ಚಾಗಿತ್ತು. ವಾಂತಿಯಾದ ಮೇಲೆ ಅವಳು ಹಾಯಾಗಿ ಮಲಗಿದಳು, ನಾವು ಮಲಗಲಿಲ್ಲ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಜೇನುತುಪ್ಪ ನೆಕ್ಕಿಸಿ ಎನ್ನುವವರಿದ್ದಾರೆ, ಎದೆಗೆ ಮುಲಾಮು ಹಚ್ಚಿ ಎನ್ನುವವರಿದ್ದಾರೆ, ಬಿಸಿನೀರಿನ ಹಬೆ ಕೊಡಿಸಿ ಎನ್ನುವವರೂ ಇದ್ದಾರೆ. ಹಿಂದೊಮ್ಮೆ ಬರೆದುಕೊಟ್ಟಿದ್ದ ಕೆಮ್ಮಿನ ಸಿರಪ್ಪಿನ ಬಾಟಲಿ ಅರ್ಧ ಉಳಿದಿದೆ. ಅದನ್ನೇ ಕೊಡಬಹುದೇ ಎಂಬ ಯೋಚನೆಯೂ ಬಂದಿದೆ. ನನ್ನ ತಮ್ಮನಿಗೆ ಚಿಕ್ಕಂದಿನಲ್ಲಿ ಅಸ್ತಮಾ ಇದ್ದುದರಿಂದ ಇದು ಅದರ ಆರಂಭವೇನೋ ಎಂಬ ಹೆದರಿಕೆ ನನ್ನದು. ಹಗಲು ಇಲ್ಲದ ಕೆಮ್ಮು ಮಲಗಿದ ಕೂಡಲೇ ಏಕೆ ಬರುತ್ತದೆ, ಎಷ್ಟು ದಿನ ಕಾಯುವುದು ಸರಿ, ಯಾವ ಲಕ್ಷಣ ಕಂಡರೆ ಬೆಳಗಾಗುವುದನ್ನೂ ಕಾಯದೆ ಆಸ್ಪತ್ರೆಗೆ ಹೊರಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ: ಇಬ್ಬರು ಗಂಡುಮಕ್ಕಳ ತಂದೆ

ನಿಮ್ಮ ಕೊನೆಯ ಹೆದರಿಕೆಯ ಬಗ್ಗೆ ಮಾತ್ರ ನಾನು ಅನುಭವದಿಂದ ಹೇಳಬಲ್ಲೆ. ನಮ್ಮ ಹಿರಿಯ ಮಗನಿಗೆ ಅಸ್ತಮಾ ಇದೆ, ಅದು ಮೊದಲು ಕಾಣಿಸಿಕೊಂಡದ್ದು ರಾತ್ರಿ ಕೆಮ್ಮಿನ ರೂಪದಲ್ಲೇ. ಅವನದು ಮಲಗಿದ ಕೂಡಲೇ ಬರುವ ಕೆಮ್ಮಲ್ಲ. ಮೊದಲ ನಿದ್ದೆ ಚೆನ್ನಾಗಿಯೇ ಆಗಿ, ಬೆಳಗಿನ ಮೂರು ನಾಲ್ಕರ ಹೊತ್ತಿಗೆ ಒಣ ಕೆಮ್ಮಿನಿಂದ ಎದ್ದು ಕುಳಿತುಬಿಡುತ್ತಿದ್ದ. ಬೆನ್ನಿಗೆ ಕಿವಿಯಿಟ್ಟರೆ ಉಸಿರು ಹೊರಬಿಡುವಾಗ ಸಣ್ಣ ಸಿಳ್ಳೆಯಂಥ ಸದ್ದು ಕೇಳಿಸುತ್ತಿತ್ತು. ಹಗಲಿನಲ್ಲಿಯೂ ಜೋರಾಗಿ ನಕ್ಕಾಗ, ಓಡಿ ದಣಿದಾಗ ಕೆಮ್ಮು ಬರುತ್ತಿತ್ತು. ನೆಗಡಿ ಹೋದ ಮೇಲೂ ಕೆಮ್ಮು ವಾರಗಟ್ಟಲೆ ಎಳೆಯುತ್ತಿತ್ತು, ಮುಂದಿನ ನೆಗಡಿಗೆ ಮತ್ತೆ ಅದೇ ಕಥೆ.

ಇನ್ಹೇಲರ್ ಎಂದರೆ ಹೆದರುವವರು ಬಹಳ. ನಾವೂ ಔಷಧವನ್ನು ಮಂಜಿನಂತೆ ಮಾಡಿ ಕೊಡುವ ನೆಬ್ಯುಲೈಸರ್ ಯಂತ್ರವೊಂದನ್ನು ಕೊಂಡುಬಿಡೋಣವೆಂದಿದ್ದೆವು. ಆದರೆ ಮಾಸ್ಕ್ ಇರುವ ಸ್ಪೇಸರ್ (ಔಷಧದ ಪಫ್ ತುಂಬಿಕೊಳ್ಳುವ ಕೊಳವೆ) ಜೋಡಿಸಿ ಕೊಟ್ಟ ಇನ್ಹೇಲರ್ ಮಕ್ಕಳಲ್ಲಿ ಯಂತ್ರದಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂದು ವೈದ್ಯರು ತಿಳಿಸಿ, ಮಾಸ್ಕನ್ನು ಮುಖಕ್ಕೆ ಸಂದಿಲ್ಲದಂತೆ ಒತ್ತಿ ಹಿಡಿದು, ಒಂದು ಪಫ್ ಒತ್ತಿದ ಮೇಲೆ ಐದಾರು ಉಸಿರು ಎಳೆಯುವವರೆಗೆ ತೆಗೆಯದಿರುವುದನ್ನು ನಮ್ಮ ಕೈಯಲ್ಲೇ ಮಾಡಿಸಿ ತೋರಿಸಿದರು. ಇನ್ನೊಂದು ವಿಷಯ: ಜೊತೆಗೆ ಕೊಟ್ಟಿದ್ದ ಮಾಂಟೆಲುಕಾಸ್ಟ್ ಮಾತ್ರೆ ಶುರುವಾದ ಮೇಲೆ ಮಗ ಕೆಟ್ಟ ಕನಸು ಕಂಡು ಕಿರುಚಿ ಏಳತೊಡಗಿದ. ತಿಳಿಸಿದ ಕೂಡಲೇ ವೈದ್ಯರು ಅದನ್ನು ನಿಲ್ಲಿಸಿದರು, ಕನಸುಗಳೂ ನಿಂತವು. ಯಾರಿಗಾದರೂ ಆ ಮಾತ್ರೆ ಬರೆದುಕೊಟ್ಟಿದ್ದರೆ ಮಗುವಿನ ನಿದ್ದೆ, ಸಿಟ್ಟು, ಸ್ವಭಾವದ ಕಡೆಗೆ ಒಂದು ಕಣ್ಣಿಟ್ಟಿರಲಿ.

ನಿಮ್ಮ ಮನೆಯಲ್ಲಿ ಅಸ್ತಮಾ ಇದ್ದವರಿರುವುದರಿಂದ, ತಡ ಮಾಡದೆ ಇನ್ಹೇಲರ್ ಶುರುಮಾಡಲು ಕೇಳಿ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಮಕ್ಕಳ ವೈದ್ಯೆ

ಮೇಲಿನವರು ತಮ್ಮ ಮಗನ ಕೆಮ್ಮನ್ನು ಬಹಳ ಚೆನ್ನಾಗಿ ಗಮನಿಸಿದ್ದಾರೆ, ಆದರೆ ಅವರ ಕೊನೆಯ ಸಲಹೆಯನ್ನು ನಾನು ಒಪ್ಪಲಾರೆ. ಅವರು ವಿವರಿಸಿದ ಕೆಮ್ಮಿಗೂ ನೀವು ವಿವರಿಸಿದ ಕೆಮ್ಮಿಗೂ ಮುಖ್ಯವಾದ ವ್ಯತ್ಯಾಸವಿದೆ. ಅಸ್ತಮಾದಲ್ಲಿ ಶ್ವಾಸನಾಳಗಳು ರಾತ್ರಿಯ ಕೊನೆಯ ಭಾಗದಲ್ಲಿ ಅತಿ ಹೆಚ್ಚು ಸಂಕುಚಿತವಾಗುತ್ತವೆ. ಒಣ ಕೆಮ್ಮು, ಸಿಳ್ಳೆ ಸದ್ದು, ಉಬ್ಬಸ, ಓಡಿದಾಗ ನಕ್ಕಾಗ ಕೆಮ್ಮು, ಚರ್ಮ ಕೆಂಪಾಗಿ ತುರಿಸುವ ಎಕ್ಸಿಮಾ, ತಂದೆ ತಾಯಿ ಅಥವಾ ಒಡಹುಟ್ಟಿದವರ ಅಸ್ತಮಾ ಇವೆಲ್ಲ ಕೂಡಿಬಂದಾಗ ಅನುಮಾನ ಬಲವಾಗುತ್ತದೆ. ಸಿಳ್ಳೆಯಾಗಲಿ ಉಬ್ಬಸವಾಗಲಿ ಇಲ್ಲದ ಬರೀ ಕೆಮ್ಮು ಅಸ್ತಮಾದಿಂದ ಬಂದಿರುವುದು ಕಡಿಮೆ. ಅಂಥ ಮಕ್ಕಳಿಗೆ ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಕೊಟ್ಟರೆ ಕೈ ನಡುಗುತ್ತದೆಯೇ ಹೊರತು ಕೆಮ್ಮು ತಗ್ಗುವುದಿಲ್ಲ. ಐದು ವರ್ಷದೊಳಗಿನ ಮಕ್ಕಳು ಊದಿ ತೋರಿಸುವ ಪರೀಕ್ಷೆಯನ್ನು ಸರಿಯಾಗಿ ಮಾಡಲಾರರಾದ್ದರಿಂದ ನಾವು ನಂಬಬೇಕಾದದ್ದು ಎದೆಯ ಸದ್ದನ್ನು ಮತ್ತು ಮನೆಯವರು ಹೇಳುವ ವಿವರವನ್ನು. ಹಾಗಾಗಿ ಆ ವಿವರ ಸರಿಯಾಗಿರಬೇಕು.

ಮಲಗಿದ ಕೂಡಲೇ ಏಕೆ ಎಂಬ ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಮಗು ಎದ್ದು ಓಡಾಡುವಾಗ ಮೂಗಿನ ಸಿಂಬಳ ಮುಂದಕ್ಕೆ ಸೋರುತ್ತದೆ ಇಲ್ಲವೇ ಗೊತ್ತಾಗದಂತೆ ನುಂಗಿಹೋಗುತ್ತದೆ. ಮಲಗಿದಾಗ ಅದು ಮೂಗಿನ ಹಿಂಬದಿಯಿಂದ ಗಂಟಲಿಗೆ ಇಳಿದು ಅಲ್ಲಿಯೇ ನಿಲ್ಲುತ್ತದೆ, ಗಂಟಲು ಅದನ್ನು ಹೊರಹಾಕಲು ಕೆಮ್ಮುತ್ತದೆ. ಮೂಗು ಕಟ್ಟಿ ಬಾಯಿಯಿಂದ ಉಸಿರಾಡುವುದರಿಂದ ಗಂಟಲು ಒಣಗುವುದೂ ಸೇರಿಕೊಳ್ಳುತ್ತದೆ. ಗಾಢ ನಿದ್ದೆಯಲ್ಲಿ ಕೆಮ್ಮಿನ ಪ್ರತಿಕ್ರಿಯೆಯೇ ಮಂಕಾಗಿರುತ್ತದೆ, ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಕಫವನ್ನು ಮೇಲಕ್ಕೆ ತಳ್ಳುವ ಕೆಲಸವೂ ನಿಧಾನವಾಗಿರುತ್ತದೆ. ಹೀಗೆ ರಾತ್ರಿಯಿಡೀ ಕೂಡಿಬಿದ್ದದ್ದು ನಿದ್ದೆ ತೆಳುವಾಗುವ ಬೆಳಗಿನ ಜಾವಕ್ಕೆ ಒಮ್ಮೆಲೇ ಹೊರಬರಲು ನೋಡುತ್ತದೆ. ಚಿಕ್ಕ ಮಕ್ಕಳು ಕಫವನ್ನು ಉಗುಳಲಾರರು, ನುಂಗುತ್ತಾರೆ. ಹೊಟ್ಟೆ ಸೇರಿದ ಆ ಲೋಳೆಯೇ ಜೋರಾದ ಕೆಮ್ಮಿನ ಒತ್ತಡಕ್ಕೆ ವಾಂತಿಯಾಗಿ ಬರುತ್ತದೆ. ಒಮ್ಮೊಮ್ಮೆ ಹೀಗಾದರೆ ಹೆದರಬೇಕಾಗಿಲ್ಲ.

ಎಷ್ಟು ದಿನ ಎಂಬುದಕ್ಕೆ ಬರುತ್ತೇನೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 2013ರಲ್ಲಿ ಪ್ರಕಟಿಸಿದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಾಮರ್ಶೆಯ ಪ್ರಕಾರ, ನೆಗಡಿಯ ಜೊತೆ ಬಂದ ಕೆಮ್ಮು ಅರ್ಧದಷ್ಟು ಮಕ್ಕಳಲ್ಲಿ 10 ದಿನಕ್ಕೆ ನಿಲ್ಲುತ್ತದೆ, ಆದರೆ ನೂರರಲ್ಲಿ 90 ಮಕ್ಕಳ ಕೆಮ್ಮು ನಿಂತಿರಬೇಕಾದರೆ 25 ದಿನ ಕಳೆಯಬೇಕು. ಒಂದು ವಾರದಲ್ಲಿ ಹೋಗಬೇಕಿತ್ತಲ್ಲ ಎಂಬ ನಿರೀಕ್ಷೆಯಿಂದಲೇ ಅನೇಕ ಮಕ್ಕಳಿಗೆ ಬೇಡದ ಆಂಟಿಬಯೋಟಿಕ್ ಹೊಟ್ಟೆಗೆ ಹೋಗುತ್ತದೆ. ನಿಮ್ಮ ಮಗಳ ವಯಸ್ಸಿನವರಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುವುದು ಮಾಮೂಲು. ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ಬಂದಾಗ ಮಗು ಕಾಲವೆಲ್ಲ ಕೆಮ್ಮುತ್ತಲೇ ಇದೆ ಎನ್ನಿಸುವುದು ಸಹಜ. ಎರಡು ನೆಗಡಿಗಳ ನಡುವೆ ಒಂದಷ್ಟು ದಿನವಾದರೂ ಪೂರ್ತಿ ಕೆಮ್ಮಿಲ್ಲದೆ ಇತ್ತೇ ಎಂದು ನೆನಪಿಸಿಕೊಳ್ಳಿ, ಅದು ನಮಗೆ ಬಹಳ ಉಪಯುಕ್ತವಾದ ಮಾಹಿತಿ.

ಸಿರಪ್ಪಿನ ಆ ಅರ್ಧ ಬಾಟಲಿಯನ್ನು ದಯವಿಟ್ಟು ಬಿಸಾಡಿ. ಕೆಮ್ಮು ತಡೆಯುವ, ನೆಗಡಿ ಒಣಗಿಸುವ ಮಿಶ್ರಣಗಳಿಂದ ಚಿಕ್ಕ ಮಕ್ಕಳಿಗೆ ಪ್ರಯೋಜನವಿದೆಯೆಂದು ತೋರಿಸಿಕೊಡಲು ಇದುವರೆಗೆ ಆಗಿಲ್ಲ. ಮಂಪರು, ಎದೆಬಡಿತದ ಏರುಪೇರು, ಉಸಿರು ನಿಧಾನವಾಗುವಂಥ ಅಪಾಯಗಳು ಮಾತ್ರ ಖಚಿತವಾಗಿ ದಾಖಲಾಗಿವೆ. ಅಮೆರಿಕದ ಔಷಧ ನಿಯಂತ್ರಕರಾದ ಎಫ್‌ಡಿಎ 2008ರಲ್ಲಿಯೇ ಎರಡು ವರ್ಷದೊಳಗಿನವರಿಗೆ ಇವನ್ನು ಕೊಡಬಾರದೆಂದು ಎಚ್ಚರಿಸಿತು. ಅಲ್ಲಿನ ತಯಾರಕರು ನಾಲ್ಕು ವರ್ಷದೊಳಗೆ ಬೇಡವೆಂದು ಬಾಟಲಿಯ ಮೇಲೆಯೇ ಮುದ್ರಿಸತೊಡಗಿದರು. ಅಫೀಮಿನ ಗುಂಪಿನ ಕೋಡೀನ್ ಇರುವ ಔಷಧವನ್ನು 12 ವರ್ಷದೊಳಗಿನ ಯಾವ ಮಗುವಿಗೂ ಕೊಡಬಾರದು.

ಜೇನುತುಪ್ಪದ ಸಲಹೆ ಕೊಟ್ಟವರು ಗೆದ್ದರು. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಅರ್ಧ ಗಂಟೆ ಮೊದಲು ಅರ್ಧದಿಂದ ಒಂದು ಚಮಚ ಕೊಟ್ಟು, ಆಮೇಲೆ ಹಲ್ಲುಜ್ಜಿಸಿ. 105 ಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಏನೂ ಕೊಡದಿದ್ದ ಮಕ್ಕಳಿಗಿಂತ ಜೇನು ತಿಂದವರ ರಾತ್ರಿ ಕೆಮ್ಮು ಹೆಚ್ಚು ತಗ್ಗಿತು. ಕೆಮ್ಮಿನ ಸಿರಪ್ಪಿನ ಡೆಕ್ಸ್ಟ್ರೋಮೆಥಾರ್ಫಾನ್‌ಗೆ ಅಷ್ಟು ಮಾಡಲಾಗಲಿಲ್ಲ. ಏನೂ ಕೊಡದಿದ್ದವರೂ ಮರುರಾತ್ರಿ ತಕ್ಕಮಟ್ಟಿಗೆ ಸುಧಾರಿಸಿದ್ದರು ಎಂಬುದನ್ನೂ ಹೇಳದಿದ್ದರೆ ಮಾತು ಪೂರ್ತಿಯಾಗದು. ಮಲಗುವ ಮುನ್ನ ಮೂಗಿಗೆ ಎರಡೆರಡು ಹನಿ ಸಲೈನ್ (ಉಪ್ಪುನೀರಿನ ದ್ರಾವಣ) ಹಾಕಿ, ಸಿಂಬಳ ತೆಗೆದರೆ ಮೊದಲ ಸುತ್ತಿನ ಕೆಮ್ಮು ಕಡಿಮೆಯಾಗುವುದನ್ನು ನೀವೇ ನೋಡುವಿರಿ. ಕರ್ಪೂರವಿರುವ ಮುಲಾಮು ಎರಡು ವರ್ಷದೊಳಗಿನವರಿಗೆ ನಿಷಿದ್ಧ. ನಿಮ್ಮ ಮಗಳ ವಯಸ್ಸಿಗೆ ಎದೆ ಮತ್ತು ಕುತ್ತಿಗೆಯ ಮೇಲೆ ತೆಳುವಾಗಿ ಹಚ್ಚಬಹುದು, ಮೂಗಿನ ಹೊಳ್ಳೆಗಾಗಲಿ ಬಾಯಿಯ ಹತ್ತಿರವಾಗಲಿ ಬೇಡ, ಡಬ್ಬಿ ಕೈಗೆ ಸಿಗದಂತಿರಲಿ, ಏಕೆಂದರೆ ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಬಿಸಿನೀರಿನ ಹಬೆ ಬೇಡವೇ ಬೇಡ. ಅದರಿಂದ ಕೆಮ್ಮು ವಾಸಿಯಾಗುವುದಿಲ್ಲ, ಪಾತ್ರೆ ಮಗುಚಿ ತೊಡೆ ಹೊಟ್ಟೆ ಸುಟ್ಟುಕೊಂಡ ಮಕ್ಕಳನ್ನು ನಾವು ನೋಡುತ್ತಲೇ ಇರುತ್ತೇವೆ. ಮಲಗುವ ಕೋಣೆಯಲ್ಲಿ ಬೀಡಿ ಸಿಗರೇಟು, ಧೂಪ, ಸೊಳ್ಳೆಬತ್ತಿ ಯಾವುದರ ಹೊಗೆಯೂ ಇರಬಾರದು.

ಈಗ ಆಸ್ಪತ್ರೆಗೆ ಹೊರಡಬೇಕಾದ ಸಂದರ್ಭ. ಕೆಮ್ಮಿನ ಸದ್ದಿಗಿಂತ ಕೆಮ್ಮುಗಳ ನಡುವಿನ ಉಸಿರಾಟ ಮುಖ್ಯ. ಮಗು ನಿದ್ದೆಯಲ್ಲಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗೆರೆಯ ಪ್ರಕಾರ ಒಂದರಿಂದ ಐದು ವರ್ಷದವರಲ್ಲಿ ನಿಮಿಷಕ್ಕೆ 40, ಎರಡು ತಿಂಗಳಿಂದ ಒಂದು ವರ್ಷದವರಲ್ಲಿ 50, ಎರಡು ತಿಂಗಳೊಳಗಿನವರಲ್ಲಿ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಉಸಿರು ಅತಿವೇಗವಾಗಿದೆ ಎಂದರ್ಥ. ಎಣಿಸುವಾಗಲೇ ಪಕ್ಕೆಲುಬುಗಳ ಕೆಳಗಿನ ಚರ್ಮ ಪ್ರತಿ ಉಸಿರಿಗೂ ಒಳಕ್ಕೆ ಎಳೆದುಕೊಳ್ಳುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ ನೋಡಿ. ಇವು ಕಂಡರೆ, ತುಟಿ ನೀಲಿಗಟ್ಟಿದರೆ, ಮಗು ನೀರು ಕುಡಿಯಲಾರದಷ್ಟು ಅಥವಾ ಮಾತಾಡಲಾರದಷ್ಟು ಏದುತ್ತಿದ್ದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ.

ಇನ್ನೊಂದು ಬಗೆಯ ಕೆಮ್ಮು ನಡುರಾತ್ರಿಯಲ್ಲಿ ಇದ್ದಕ್ಕಿದ್ದಂತೆ ಬಂದು ಮನೆಯವರನ್ನೆಲ್ಲ ಗಾಬರಿಗೊಳಿಸುತ್ತದೆ. ಸಂಜೆಯವರೆಗೆ ಬರೀ ನೆಗಡಿಯಿದ್ದ ಮಗು ಧ್ವನಿ ಒಡೆದು, ನಾಯಿ ಬೊಗಳಿದಂಥ ಒರಟು ಸದ್ದಿನಲ್ಲಿ ಕೆಮ್ಮುತ್ತ ಏಳುತ್ತದೆ. ಇದು ಕ್ರೂಪ್, ಧ್ವನಿಪೆಟ್ಟಿಗೆಯ ಸುತ್ತಲಿನ ಊತ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಲ್ಲಿ ಹೆಚ್ಚು, ಸಾಮಾನ್ಯವಾಗಿ ವೈರಸ್ಸಿನಿಂದ. ಮಗುವನ್ನು ಅಳಿಸದೆ ನೆಟ್ಟಗೆ ಎತ್ತಿಕೊಳ್ಳಿ, ಏಕೆಂದರೆ ಅತ್ತಷ್ಟೂ ಊದಿದ ದಾರಿ ಕಿರಿದಾಗುತ್ತದೆ. ಊತ ಇಳಿಸುವ ಸ್ಟೀರಾಯ್ಡ್ ಆದ ಡೆಕ್ಸಾಮೆಥಾಸೋನಿನ ಒಂದೇ ಡೋಸು ಬಹುಪಾಲು ಮಕ್ಕಳಿಗೆ ಸಾಕಾಗುತ್ತದೆ, ಆದ್ದರಿಂದ ವೈದ್ಯರಿಗೆ ತೋರಿಸುವುದು ಸಾರ್ಥಕ. ಸುಮ್ಮನೆ ಕುಳಿತಿರುವಾಗಲೂ ಉಸಿರು ಎಳೆದುಕೊಳ್ಳುವಾಗ ಕೀರಲು ಸದ್ದು ಬರುತ್ತಿದ್ದರೆ ಅದು ತುರ್ತು ಸ್ಥಿತಿ.

ಪ್ರಶ್ನೆ: ಎಂಟು ತಿಂಗಳ ಮಗುವಿನ ತಾಯಿ

ಡಾಕ್ಟರೇ, ಇದೇ ಚರ್ಚೆಯಲ್ಲಿ ನನ್ನದೂ ಒಂದು ಪ್ರಶ್ನೆ. ನಮ್ಮ ಮಗನಿಗೆ ಎಂಟು ತಿಂಗಳು. ಅವನಿಗೂ ರಾತ್ರಿ ಕೆಮ್ಮು ಇದೆ, ಮೂಗು ಕಟ್ಟಿದೆ, ಹಾಲು ಮಾತ್ರ ಕುಡಿಯುತ್ತಿದ್ದಾನೆ. ಒಂದು ಹನಿ ಜೇನು ನಾಲಿಗೆಗೆ ಸವರಿದರೆ ತೊಂದರೆಯೇ? ತಲೆಯ ಕೆಳಗೆ ದಿಂಬಿಟ್ಟು ಸ್ವಲ್ಪ ಎತ್ತರಿಸಿ ಮಲಗಿಸಬಹುದೇ?

ಉತ್ತರ: ಮಕ್ಕಳ ವೈದ್ಯೆ

ಎರಡೂ ಬೇಡ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ನಮ್ಮ ನಿಮ್ಮ ಕರುಳಿನಲ್ಲಿ ಅವು ಬೆಳೆಯುವುದಿಲ್ಲ. ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಮೊಳೆತು ವಿಷ ಉತ್ಪಾದಿಸಿದರೆ ಸ್ನಾಯುಗಳು ಸೋತು, ಉಸಿರಾಟವೇ ನಿಲ್ಲುವ ಸ್ಥಿತಿ ಬರಬಹುದು. ಕಾಯಿಸಿದರೂ ಬೀಜಾಣುಗಳು ಸಾಯುವುದಿಲ್ಲ, ಒಂದು ಹನಿಯಾದರೂ ಅಪಾಯ ಅಪಾಯವೇ. ದಿಂಬಿನಿಂದ ಉಸಿರು ಕಟ್ಟುವ ಭಯವಿದೆ. ಓರೆಯಾಗಿ ಮಲಗಿಸಿದರೆ ಕೂಸು ಜಾರಿ ಗದ್ದ ಎದೆಗೆ ಒತ್ತಿಕೊಂಡು ಗಾಳಿಯ ದಾರಿ ಮಡಚಿಕೊಳ್ಳುತ್ತದೆ. ಕೆಮ್ಮು ಇದ್ದಾಗಲೂ ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಬೆನ್ನಡಿಯಾಗಿಯೇ ಮಲಗಿಸಿ. ಹಾಲು ಕೊಡುವ ಮೊದಲು ಮೂಗಿಗೆ ಸಲೈನ್ ಹನಿ ಹಾಕಿ, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಹಾಲು ಕೊಡಿ. ಮಾಮೂಲಿನ ಅರ್ಧದಷ್ಟೂ ಕುಡಿಯದಿದ್ದರೆ ಅಥವಾ ಮೂತ್ರ ಕಡಿಮೆಯಾದರೆ ತೋರಿಸಬೇಕು.

ಈ ವಯಸ್ಸಿನಲ್ಲಿ ನಾನು ತಪ್ಪದೆ ಕೇಳುವುದು ಲಸಿಕೆಯ ಬಗ್ಗೆ. ಪರ್ಟುಸಿಸ್ ಎಂಬ ನಾಯಿಕೆಮ್ಮು ಮೊದಲ ಒಂದೆರಡು ವಾರ ಸಾಧಾರಣ ನೆಗಡಿಯಂತೆಯೇ ಇದ್ದು, ಆಮೇಲೆ ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದ ಸರಣಿ ಕೆಮ್ಮಾಗಿ, ಮುಖ ಕೆಂಪೇರಿ, ವಾಂತಿಯಲ್ಲಿ ಮುಗಿಯುತ್ತದೆ. ದೊಡ್ಡ ಮಕ್ಕಳಲ್ಲಿ ಕೊನೆಗೆ ಊಳಿಟ್ಟಂತೆ ಉಸಿರೆಳೆಯುವ ಸದ್ದು ಬರುತ್ತದೆ. ಕೂಸುಗಳಲ್ಲಿ ಆ ಸದ್ದು ಇರದೆ, ಕೆಮ್ಮೂ ಇರದೆ, ಬರೀ ಉಸಿರು ನಿಂತು ನೀಲಿಗಟ್ಟಬಹುದು. ಅಂಥದ್ದೇನಾದರೂ ಕಂಡಿದ್ದರೆ ಇದನ್ನು ಓದುತ್ತ ಕೂರದೆ ಹೊರಡಿ. ಲಸಿಕೆಯ ಡೋಸು ಬಾಕಿಯಿದ್ದರೆ ಅದನ್ನೂ ತಿಳಿಸಿ. ಸಣ್ಣ ನೆಗಡಿ ಕೆಮ್ಮಿಗಾಗಿ ಲಸಿಕೆ ಮುಂದೂಡುವ ಅಗತ್ಯವಿಲ್ಲ.

ಉತ್ತರ: ಎರಡು ವರ್ಷದ ಮಗುವಿನ ಚಿಕ್ಕಪ್ಪ

ಇಲ್ಲಿ ಇನ್ನೂ ಬಾರದ ಒಂದು ಕಾರಣವನ್ನು ಸೇರಿಸಬೇಕೆನಿಸಿತು. ನಮ್ಮ ಅಣ್ಣನ ಮಗಳಿಗೆ ನೆಗಡಿಯೂ ಇರಲಿಲ್ಲ, ಜ್ವರವೂ ಇರಲಿಲ್ಲ. ಸಂಜೆ ಆಡುತ್ತಿದ್ದವಳು ಒಮ್ಮೆಲೇ ಉಸಿರು ಸಿಕ್ಕಿಕೊಂಡಂತೆ ಕೆಮ್ಮಿ, ಕ್ಷಣಹೊತ್ತಿಗೆ ಸರಿಹೋದಳು. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅನಂತರ ರಾತ್ರಿ ಕೆಮ್ಮು ಶುರುವಾಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇನ್ನೊಬ್ಬ ವೈದ್ಯರು ಸ್ಟೆತಾಸ್ಕೋಪಿಟ್ಟು ಎದೆಯ ಎರಡೂ ಬದಿಗಳನ್ನು ಮತ್ತೆ ಮತ್ತೆ ಹೋಲಿಸಿ, ಒಂದು ಬದಿಯಲ್ಲಿ ಗಾಳಿ ಕಡಿಮೆ ಹೋಗುತ್ತಿದೆಯೆಂದು ಗುರುತಿಸಿ, ಇದು ಶುರುವಾದ ದಿನ ಏನಾಯಿತೆಂದು ಕೇಳಿದಾಗಲೇ ಆ ಸಂಜೆಯ ನೆನಪು ಬಂದದ್ದು. ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿಯಲ್ಲಿ ಆಟಿಕೆಯ ಒಂದು ಪ್ಲಾಸ್ಟಿಕ್ ಚೂರು ಹೊರಬಂತು. ಪ್ಲಾಸ್ಟಿಕ್ಕಾಗಲಿ ಕಾಳು ಬೀಜಗಳಾಗಲಿ ಎಕ್ಸ್‌ರೇಯಲ್ಲಿ ನೇರವಾಗಿ ಕಾಣುವುದಿಲ್ಲವೆಂದು ಆಮೇಲೆ ತಿಳಿಯಿತು. ನೆಗಡಿಯಿಲ್ಲದೆ ಒಂದೇ ಗಳಿಗೆಯಲ್ಲಿ ಶುರುವಾದ ಕೆಮ್ಮನ್ನು ಹಾಗೆಯೇ ಬಿಡಬೇಡಿ; ಶುರುವಾದ ಗಳಿಗೆ ನೆನಪಿದ್ದರೆ, ಕೇಳದಿದ್ದರೂ ವೈದ್ಯರಿಗೆ ಹೇಳಿ.

ಮರುಪ್ರಶ್ನೆ: ಮೂರು ವರ್ಷದ ಮಗಳ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ನಿದ್ದೆಯಲ್ಲಿದ್ದಾಗ ಪೂರ್ತಿ ಒಂದು ನಿಮಿಷ ಎಣಿಸಿದೆ, 26 ಬಂತು. ಪಕ್ಕೆಯ ಕೆಳಗೆ ಚರ್ಮ ಒಳಕ್ಕೆ ಹೋಗುತ್ತಿರಲಿಲ್ಲ. ಬೆನ್ನಿಗೆ ಕಿವಿಯಿಟ್ಟು ಕೇಳಿದೆ; ಮೂಗಿನ ಗೊರಗೊರ ಸದ್ದು ಬಿಟ್ಟರೆ ಸಿಳ್ಳೆ ಕೇಳಿಸಲಿಲ್ಲ. ಸಲೈನ್ ಹಾಕಿ, ಜೇನು ಕೊಟ್ಟು ಮಲಗಿಸಿದೆ. ಮೊದಲ ಸುತ್ತು ಬೇಗ ಮುಗಿಯಿತು, ಬೆಳಗಿನ ಜಾವದ್ದು ಹಾಗೇ ಇದೆ. ಲಸಿಕೆಗಳೆಲ್ಲ ಆಗಿವೆ. ಇನ್ನೆಷ್ಟು ದಿನ ಹೀಗೆಯೇ ನೋಡಿಕೊಳ್ಳಬಹುದು? ಕಫದ ಕೆಮ್ಮಾದ್ದರಿಂದ ಆಂಟಿಬಯೋಟಿಕ್ ಬೇಕಾಗುತ್ತದೆಯೇ?

ಉತ್ತರ: ಮಕ್ಕಳ ವೈದ್ಯೆ

ನೀವು ಬರೆದದ್ದನ್ನು ನೋಡಿದರೆ ಈ ಹೊತ್ತಿಗೆ ಗಾಬರಿಯ ಲಕ್ಷಣವೇನೂ ಇಲ್ಲ. ನೆಗಡಿ ಶುರುವಾಗಿ ನಾಲ್ಕು ವಾರ ತುಂಬುವವರೆಗೆ, ಕೆಮ್ಮು ದಿನದಿಂದ ದಿನಕ್ಕೆ ತುಸುವಾದರೂ ತಗ್ಗುತ್ತಿದ್ದರೆ, ಆಂಟಿಬಯೋಟಿಕ್ ಬೇಡ. ಸಿಂಬಳ ಹಳದಿಯೋ ಹಸಿರೋ ಆದ ಮಾತ್ರಕ್ಕೂ ಬೇಡ. ನಾಲ್ಕು ವಾರ ದಾಟಿಯೂ ಹಗಲು ರಾತ್ರಿ ಕಫದ ಕೆಮ್ಮೇ ಮುಂದುವರಿದರೆ ಲೆಕ್ಕ ಬೇರೆ. ಶ್ವಾಸನಾಳಗಳಲ್ಲಿ ಬ್ಯಾಕ್ಟೀರಿಯಾ ಬೀಡುಬಿಟ್ಟು ಮಗು ನೋಡಲು ಆರೋಗ್ಯವಾಗಿಯೇ ಇದ್ದು ಕೆಮ್ಮುತ್ತಲೇ ಇರುವ ಒಂದು ಸ್ಥಿತಿಯಿದೆ. ಅದಕ್ಕೆ ಎರಡು ವಾರಗಳ ಆಂಟಿಬಯೋಟಿಕ್ ಕೊಡುತ್ತೇವೆ, ಮೂರು ದಿನ ಕೊಟ್ಟು ಬಿಟ್ಟರೆ ಸಾಲದು. ಅದನ್ನು ಅಸ್ತಮಾವೆಂದು ತಿಳಿದು ತಿಂಗಳುಗಟ್ಟಲೆ ಇನ್ಹೇಲರ್ ಕೊಡುತ್ತ ಬಂದ ಮಕ್ಕಳನ್ನು ಕಂಡಿರುವುದರಿಂದಲೇ ಮೊದಲ ಉತ್ತರಕ್ಕೆ ಅಷ್ಟು ಖಡಾಖಂಡಿತವಾಗಿ ಬರೆದೆ.

ಅದಕ್ಕೂ ಮೊದಲೇ ತೋರಿಸಬೇಕಾದ ಸಂದರ್ಭಗಳಿವೆ: ಇಳಿದ ಜ್ವರ ಮತ್ತೆ ಏರಿದರೆ, ತೂಕ ಇಳಿಯುತ್ತಿದ್ದರೆ, ಹತ್ತಿರದವರಲ್ಲಿ ಯಾರಿಗಾದರೂ ಕ್ಷಯವಿದ್ದರೆ, ಕಫದಲ್ಲಿ ರಕ್ತ ಕಂಡರೆ, ನುಂಗುವಾಗಲೆಲ್ಲ ಕೆಮ್ಮು ಬರುತ್ತಿದ್ದರೆ. ಕೆಮ್ಮು ತಿಂಗಳು ಕಳೆದರೂ ಹಗಲಲ್ಲಿ ಮಾತ್ರ ಜೋರಾಗಿದ್ದು, ನಿದ್ದೆ ಬಂದ ಕೂಡಲೇ ಸಂಪೂರ್ಣ ಮಾಯವಾಗುವ ಮಕ್ಕಳೂ ಇದ್ದಾರೆ. ಅದು ಶಾಲೆಗೆ ಹೋಗುವ ವಯಸ್ಸಿನವರಲ್ಲಿ ಬರುವ ಅಭ್ಯಾಸದ ಕೆಮ್ಮು, ನಿಮ್ಮ ಮಗಳದು ಅದಲ್ಲ.

ವೈದ್ಯರ ಬಳಿಗೆ ಹೋಗುವುದಾದರೆ ಒಂದು ಕೆಲಸ ಮಾಡಿ. ರಾತ್ರಿ ಎಷ್ಟು ಸಲ ಕೆಮ್ಮಿದಳೆಂದು ನೆನಪಿನಿಂದ ಹೇಳುವ ಲೆಕ್ಕವನ್ನು ನಾವು ಹೆಚ್ಚು ನೆಚ್ಚಿಕೊಳ್ಳುವುದಿಲ್ಲ. ಧ್ವನಿಮುದ್ರಣ ಮಾಡಿ ಹೋಲಿಸಿದಾಗ ಅದು ಅಷ್ಟಾಗಿ ತಾಳೆಯಾಗುವುದಿಲ್ಲ. ಅದರ ಬದಲು ಬೆಳಗಿನ ಜಾವದ ಒಂದು ಸುತ್ತು ಕೆಮ್ಮನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ: ಕೋಣೆಯ ದೀಪ ಹಾಕಿ, ಮಗುವಿನ ಮುಖದ ಜೊತೆಗೆ ಬರಿ ಎದೆ ಹೊಟ್ಟೆಯೂ ಕಾಣುವಂತೆ, ಕೆಮ್ಮು ನಿಂತ ಮೇಲೂ ಅರ್ಧ ನಿಮಿಷ ಮುಂದುವರಿಸಿ.